ಡಿಟಿಪಿ ಅಂಗಡಿಗೆ ಯಾವುದು ಸರಿ: ಬ್ರೌಸರೋ, ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರೋ?

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಡಿಟಿಪಿ ಅಂಗಡಿ ಇದೆ. ಅರ್ಜಿ, ಲಗ್ನಪತ್ರಿಕೆ, ಫ್ಲೆಕ್ಸ್, ಗಂಜಿನ ಕೆಲವು ಅಡತಿ ಅಂಗಡಿಗಳ ಲೆಕ್ಕ, ಎಲ್ಲ ಬರುತ್ತವೆ. ಈ ಕೆಲಸಗಳನ್ನು ಬ್ರೌಸರ್‌ನಲ್ಲೂ ಮಾಡಿದ್ದೇನೆ, ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್‌ನಲ್ಲೂ ಮಾಡಿದ್ದೇನೆ. ಬ್ರೌಸರ್ ಬರೀ ಪುಟ ತೋರಿಸಿದರೆ ಸಾಕು ಅನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಅದರಲ್ಲಿ ಆ್ಯಪ್‌ಗಳು ಓಡಲಿ. ಆದರೆ ನೆಟ್ ಹೋದರೂ ಕೆಲಸ ನಡೆಯಬೇಕು, ಫೈಲ್ ನಮ್ಮ ಹತ್ತಿರ ಇರಬೇಕು.

ಟೈಪಿಂಗ್‌ನಲ್ಲಿ ವ್ಯತ್ಯಾಸ ಕಡಿಮೆ. ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ನುಡಿಯ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಬ್ರೌಸರ್‌ನಲ್ಲೇ ಟೈಪ್ ಮಾಡುವ ಗೂಗಲ್ ಡಾಕ್ಸ್‌ನಲ್ಲಿ ಎಲ್ಲ ಯೂನಿಕೋಡ್, ಅಂದರೆ ಎಲ್ಲ ಸಾಧನಗಳಿಗೂ ಅರ್ಥವಾಗುವ ಅಕ್ಷರ ಸಂಕೇತ. ಆಳಂದದಲ್ಲಿ ಮೊಬೈಲಿನಲ್ಲಿ ತೆರೆದರೂ ಅದೇ ಕನ್ನಡ. ನುಡಿಯಲ್ಲೂ ಈಗ ಯೂನಿಕೋಡ್ ಇದೆ ಬಿಡಿ. ಅರ್ಜಿಗಳಿಗೆ ನಾನು ಬ್ರೌಸರನ್ನೇ ತೆರೆಯುತ್ತೇನೆ. ಲಗ್ನಪತ್ರಿಕೆಗೆ ನಮ್ಮ ಪ್ರೆಸ್‌ನವರು ಪುಟ ವಿನ್ಯಾಸದ ಹಳೆಯ ಸಾಫ್ಟ್‌ವೇರ್ ಪೇಜ್‌ಮೇಕರ್‌ನ ಫೈಲ್ ಕೇಳುತ್ತಾರೆ, ಹಾಗಾಗಿ ಅದು ಅಲ್ಲೇ ಉಳಿದಿದೆ.

ಫೋಟೋ ಕೆಲಸದಲ್ಲಿ ಬ್ರೌಸರ್ ನನಗೆ ನಿಜಕ್ಕೂ ಹಿಡಿಸಿತು. ಫೋಟೋಪಿಯಾ ಎಂಬ ಫೋಟೋ ತಿದ್ದುವ ಸೈಟಿನಲ್ಲಿ ಪಿಎಸ್‌ಡಿ (ಫೋಟೋಶಾಪ್) ಫೈಲ್ ಲೇಯರ್ (ಪದರ) ಸಮೇತ ತೆರೆಯುತ್ತದೆ. ಫೋಟೋ ಯಾವ ಸರ್ವರ್‌ಗೂ ಹೋಗುವುದಿಲ್ಲ, ನಮ್ಮ ಕಂಪ್ಯೂಟರೇ ದುಡಿಯುತ್ತದೆ. ಪುಟ ತೆರೆದ ಮೇಲೆ ವೈಫೈ ಆಫ್ ಮಾಡಿ ನೋಡಿದೆ. ಕೆಲಸ ನಿಲ್ಲಲಿಲ್ಲ. ಗಿರಾಕಿಗಳು ನಂಬಿ ಕೊಟ್ಟ ಫೋಟೋ ಇವು, ಇದು ಸಣ್ಣ ಮಾತಲ್ಲ. 2017ರಲ್ಲಿ ದೊಡ್ಡ ಬ್ರೌಸರ್‌ಗಳೆಲ್ಲ ವೆಬ್‌ಅಸೆಂಬ್ಲಿ ಎಂಬ ತಂತ್ರಜ್ಞಾನವನ್ನು ಸೇರಿಸಿಕೊಂಡವು. ಆಗಿನಿಂದ ಸಿ, ಸಿ ಪ್ಲಸ್ ಪ್ಲಸ್ ಭಾಷೆಗಳಲ್ಲಿ ಬರೆದ ಭಾರಿ ಪ್ರೋಗ್ರಾಂಗಳನ್ನೂ ಬ್ರೌಸರ್ ಟ್ಯಾಬಿನಲ್ಲಿ ಓಡಿಸಬಹುದು. ಹಾಗಂತ ನಮ್ಮ 4 ಜಿಬಿ ರ್‍ಯಾಮ್‌ನ ಕಂಪ್ಯೂಟರಿನಲ್ಲಿ ದೊಡ್ಡ ಫ್ಲೆಕ್ಸ್ ತೆರೆದರೆ ಟ್ಯಾಬ್ ತೇಕುತ್ತದೆ. ಆಗ ಇನ್‌ಸ್ಟಾಲ್ ಮಾಡಿದ ಫೋಟೋ ಸಾಫ್ಟ್‌ವೇರ್ ಜಿಂಪ್ ವಾಸಿ.

ಬ್ರೌಸರ್ ಪರವಾಗಿ ಇನ್ನೊಂದು ಮಾತು. ಡಿಟಿಪಿ ಅಂಗಡಿಗೆ ದಿನವೂ ಯಾರ್‍ಯಾರದೋ ಪೆನ್‌ಡ್ರೈವ್ ಬರುತ್ತವೆ, ಅವುಗಳ ಜೊತೆ ವೈರಸ್ ಕೂಡ. ಇನ್‌ಸ್ಟಾಲ್ ಮಾಡಿದ ಪ್ರೋಗ್ರಾಂ ನಮ್ಮ ಫೈಲುಗಳನ್ನೆಲ್ಲ ಮುಟ್ಟಬಲ್ಲದು. ಟ್ಯಾಬಿನೊಳಗಿನ ಆ್ಯಪ್ ನಾವು ಕೊಟ್ಟ ಫೈಲನ್ನು ಮಾತ್ರ ನೋಡುತ್ತದೆ.

ಲೆಕ್ಕದಲ್ಲಿ ಬ್ರೌಸರ್ ಸೋತಿತು. ತೊಗರಿ ಸುಗ್ಗಿಯಲ್ಲಿ ಒಂದು ಆನ್‌ಲೈನ್ ಸೇವೆಯಲ್ಲಿ ಬಿಲ್ ಹಾಕುತ್ತಿದ್ದಾಗ ನೆಟ್ ಹೋಯಿತು. ಅರ್ಧ ತುಂಬಿದ್ದ ಬಿಲ್‌ಗಳು ಮಾಯ. ಅಡತಿಯವರು ಎದುರಿಗೇ ಕುಳಿತಿದ್ದರು. ಇನ್‌ಸ್ಟಾಲ್ ಮಾಡಿದ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಅದೇ ಬಿಲ್‌ಗಳು ನೆಟ್ ಇಲ್ಲದೆಯೇ ಮುಗಿದವು, ಬ್ಯಾಕಪ್ ಪೆನ್‌ಡ್ರೈವ್‌ಗೆ ಬಂತು. ಜಿಎಸ್‌ಟಿ ಪೋರ್ಟಲ್ ನೋಡಿ. ಅದು ಬ್ರೌಸರ್‌ನಲ್ಲೇ ಇದ್ದರೂ ಡಿಜಿಟಲ್ ಸಹಿಯ ಟೋಕನ್ (ಪೆನ್‌ಡ್ರೈವ್‌ನಂಥ ಸಾಧನ) ಬಳಸಬೇಕಾದರೆ ಎಮ್‌ಸೈನರ್ ಎಂಬ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡಲೇಬೇಕು.

ಹಳೆಯ ಕಂಪ್ಯೂಟರ್ ಇದ್ದವರಿಗೆ ಇನ್ನೂ ಒಂದು ತೊಂದರೆ. ವಿಂಡೋಸ್ 7ಕ್ಕೆ ಬಂದ ಕ್ರೋಮ್ ಬ್ರೌಸರಿನ ಕೊನೆಯ ಆವೃತ್ತಿ 109. 2023ರ ಫೆಬ್ರವರಿಯಿಂದ ಹೊಸದು ಬರುವುದೇ ಇಲ್ಲ. ದಿನ ಕಳೆದಂತೆ ಒಂದೊಂದೇ ಸೈಟ್ ಅಲ್ಲಿ ತೆರೆಯುವುದು ನಿಲ್ಲುತ್ತದೆ. ಅದೇ ಕಂಪ್ಯೂಟರಿನಲ್ಲಿ ಪೇಜ್‌ಮೇಕರ್ ಇವತ್ತಿಗೂ ಓಡುತ್ತಿದೆ. ಬ್ರೌಸರ್‌ನಲ್ಲಿ ಆಟ, ಅನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ 2020ರ ಕೊನೆಗೆ ಮುಚ್ಚಿದಾಗ ಎಷ್ಟು ಪಾಠ, ಎಷ್ಟು ಆಟ ಒಮ್ಮೆಲೇ ತೆರೆಯದಂತಾದವು, ನೆನಪಿದೆ ಅಲ್ವಾ?

ನೆಟ್ ಹೋದರೆ ಕೆಲಸ ನಿಲ್ಲುವ ತೊಂದರೆಗೆ ದಾರಿ ಇಲ್ಲ ಅಂತಲ್ಲ. ಸರ್ವಿಸ್ ವರ್ಕರ್ (ಬ್ರೌಸರಿನಲ್ಲಿ ಹಿನ್ನೆಲೆಯಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಇದ್ದರೆ ವೆಬ್ ಆ್ಯಪ್ ನಮ್ಮ ಕಂಪ್ಯೂಟರಿನಲ್ಲೇ ಉಳಿದು ನೆಟ್ ಇಲ್ಲದೆಯೂ ತೆರೆಯುತ್ತದೆ. ಲೆಕ್ಕದ ಆ್ಯಪ್ ಮಾಡುವವರೆಲ್ಲ ಇದನ್ನು ಕೊಡಲೇಬೇಕು. ಒಂದು ಎಚ್ಚರಿಕೆ: ರಾತ್ರಿ ಅಂಗಡಿ ಮುಚ್ಚುವಾಗ ಹುಡುಗರು ಹಿಸ್ಟರಿ ಜೊತೆ ಸೈಟ್ ಡೇಟಾ ಕೂಡ ಅಳಿಸಿದರೆ, ಬ್ರೌಸರಿನೊಳಗೆ ಉಳಿಸಿದ ಕೆಲಸವೂ ಹೋಗುತ್ತದೆ. ಅದಕ್ಕೇ ಫೈಲನ್ನು ಡಿಸ್ಕ್‌ಗೆ ಇಳಿಸಿಕೊಳ್ಳಲು ಬಿಡದ ವೆಬ್ ಆ್ಯಪ್‌ನಲ್ಲಿ ನಾನು ಗಿರಾಕಿಗಳ ಕೆಲಸ ಮಾಡುವುದಿಲ್ಲ.