ಚಿಕ್ಕಮಗಳೂರಲ್ಲಿ ಮನೆ: ಗಿರಿ ಕಡೆಯ ಬಡಾವಣೆಯೋ, ಹಿರೇಮಗಳೂರೋ, ಕ್ಯೂರಿಂಗ್ ವರ್ಕ್ಸ್ ಹಿಂದಿನ ಬೀದಿಯೋ?

ಚಿಕ್ಕಮಗಳೂರಿಗೆ ಮನೆ ನೋಡಲು ಬರುವವರು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ ಬರುತ್ತಾರೆ. ಆಗ ಯಾವ ಮನೆಯಾದರೂ ಚೆನ್ನಾಗಿಯೇ ಕಾಣುತ್ತದೆ. ಬರಬೇಕಾದದ್ದು ಜುಲೈನಲ್ಲಿ, ಪುನರ್ವಸು ಮಳೆ ಹಿಡಿದಾಗ. ಯಾವ ಗೋಡೆ ತೇವ ಎಳೆಯುತ್ತದೆ, ಯಾವ ಕಿಟಕಿಗೆ ಎರಚಲು ಹೊಡೆಯುತ್ತದೆ, ಮಕ್ಕಳ ಯೂನಿಫಾರ್ಮ್ ಬೆಳಿಗ್ಗೆಯೊಳಗೆ ಒಣಗುತ್ತದಾ ಅನ್ನೋದು ಆಗಲೇ ಗೊತ್ತಾಗುವುದು. ಬೆಂಗಳೂರು ಬಿಟ್ಟು ಬಂದ ಮೇಲೆ ನಾವು ಇಲ್ಲಿ ಬೇರೆ ಬೇರೆ ಕಡೆ ಬಾಡಿಗೆಗೆ ಇದ್ದು ನೋಡಿದ್ದೇವೆ. ನಾನು, ನಮ್ಮನೆಯವರು, ಸ್ಕೂಲಿಗೆ ಹೋಗುವ ಮಗಳು, ಮಂಡಿ ನೋವಿರುವ ಅತ್ತೆ. ಈ ನಾಲ್ಕು ಜನರ ಸಂಸಾರಕ್ಕೆ ಯಾವುದು ಒಗ್ಗಿತು ಅಂತ ಹೇಳುತ್ತಿದ್ದೇನೆ.

ಐ.ಜಿ. ರಸ್ತೆ ಹತ್ತಿರ ಅಂಗಡಿ ಮೇಲಿನ ಮನೆಯಲ್ಲಿ ಸ್ವಲ್ಪ ಕಾಲ ಇದ್ದೆವು. ಕೂಗಿದರೆ ತರಕಾರಿ, ಇಳಿದರೆ ಆಟೋ. ಆದರೆ ಅತ್ತೆಗೆ ಮೆಟ್ಟಿಲು ಆಗಲಿಲ್ಲ, ಗಾಡಿ ನಿಲ್ಲಿಸಲು ಜಾಗ ಇರಲಿಲ್ಲ. ಒಬ್ಬರೇ ಇರುವವರಿಗೆ ಅಡ್ಡಿಯಿಲ್ಲ.

ಆಮೇಲೆ ಗಿರಿ ಕಡೆ ಹೋಗುವ ರಸ್ತೆಯ ಹೊಸ ಬಡಾವಣೆ. ಬಾಗಿಲು ತೆಗೆದರೆ ಮುಳ್ಳಯ್ಯನಗಿರಿ ಸಾಲು, ಮಂಜು, ಅಗಲವಾದ ಬಾಲ್ಕನಿ. ಫೋಟೋ ನೋಡಿದ ನೆಂಟರೆಲ್ಲ ಹೊಟ್ಟೆ ಉರಿದುಕೊಂಡರು. ಆದರೆ ಶನಿವಾರ, ಭಾನುವಾರ ಕೈಮರದ ಕಡೆ ಹೋಗುವ ಪ್ರವಾಸಿಗರ ಕಾರುಗಳ ಸಾಲಿನಲ್ಲಿ ಮನೆಯಿಂದ ಹೊರಗೆ ಬರುವುದೇ ಕಷ್ಟ. ಪಕ್ಕದ ಮನೆಗಳು ಒಂದೊಂದಾಗಿ ಹೋಂಸ್ಟೇ ಆದವು. ವಾರವಾರ ಹೊಸ ಮುಖ. ಅತ್ತೆಗೆ ಮಾತಾಡಲು ಒಬ್ಬರೂ ಇಲ್ಲ. ನಗರಸಭೆಯ ನೀರು ಅಲ್ಲಿಗೆ ಇನ್ನೂ ಬಂದಿರಲಿಲ್ಲ, ಬೋರ್ ಕೆಟ್ಟರೆ ಟ್ಯಾಂಕರ್. ಇದನ್ನೆಲ್ಲ ತಡೆದುಕೊಳ್ಳಬಹುದಿತ್ತೇನೋ. ಮಳೆಗಾಲದ ಥಂಡಿ ಮಾತ್ರ ತಡೆಯಲಾಗಲಿಲ್ಲ. ಬೀರುವಿನಲ್ಲಿಟ್ಟ ರೇಷ್ಮೆ ಸೀರೆಗೆ ಬೂಷ್ಟು ಬಂತು. ಮಗಳ ಕೆಮ್ಮು ದಸರಾವರೆಗೂ ಬಿಡಲಿಲ್ಲ.

ಈ ಊರಿನ ಮಳೆಯ ಲೆಕ್ಕವನ್ನು ಹೊಸಬರು ತಿಳಿದುಕೊಳ್ಳಲೇಬೇಕು. ಪಡುವಣದಲ್ಲಿ ಮಲೆನಾಡು, ಮೂಡಣದಲ್ಲಿ ಬಯಲುಸೀಮೆ, ನಡುವೆ ಚಿಕ್ಕಮಗಳೂರು. ಗಿರಿ, ಮೂಡಿಗೆರೆ ಕಡೆ ಹೋದಷ್ಟೂ ಮಳೆ ಜಾಸ್ತಿ. 40 ಕಿ.ಮೀ. ಆಚೆಯ ಕಡೂರಿನಲ್ಲಿ ತೆಂಗಿಗೂ ನೀರಿಲ್ಲ ಅಂತ ಆಕಾಶ ನೋಡುತ್ತಾರೆ. ಊರೊಳಗೇ ಈ ವ್ಯತ್ಯಾಸ ಸ್ವಲ್ಪ ಸ್ವಲ್ಪ ಕಾಣುತ್ತದೆ. ಹಾಗಾಗಿ ಮನೆ ಯಾವ ದಿಕ್ಕಿಗಿದೆ ಅನ್ನೋದಕ್ಕಿಂತ ಊರಿನ ಯಾವ ದಿಕ್ಕಿನಲ್ಲಿದೆ ಅಂತ ನಾನು ಮೊದಲು ಕೇಳುತ್ತೇನೆ.

ಹಿರೇಮಗಳೂರು ಮನಸ್ಸಿಗೆ ತುಂಬಾ ಹಿಡಿಸಿದ ಜಾಗ. ಕೋದಂಡರಾಮನ ಗುಡಿಯಲ್ಲಿ ಪೂಜೆ ಕನ್ನಡದಲ್ಲೇ ನಡೆಯುತ್ತದೆ. ಅತ್ತೆ ದಿನಾ ಸಂಜೆ ಹೋಗಿ ಕೂತು ಬರುತ್ತಿದ್ದರು, ಮಂಡಿ ನೋವಿನ ಮಾತೇ ಕಡಿಮೆಯಾಗಿತ್ತು. ಹಬ್ಬಕ್ಕೆ ಬೀದಿಯವರು ಒಬ್ಬಟ್ಟು ಕಳಿಸುತ್ತಿದ್ದರು. ಮನೆ ಮಾತ್ರ ಹಳೆಯ ಹೆಂಚಿನದು. ಮಳೆಗೆ ಮುಂಚೆ ಹೆಂಚು ಕೈಯಾಡಿಸುವವರು ಸಿಗುವುದೇ ಕಷ್ಟ. ಮಾಲೀಕರು ಇವತ್ತು, ನಾಳೆ ಅನ್ನುತ್ತಾ ಕಳೆದರು, ನಡುಮನೆಯಲ್ಲಿ ಬಕೆಟ್ ಇಟ್ಟುಕೊಂಡು ಮಲಗಿದೆವು. ಇಲ್ಲಿ ಗಟ್ಟಿ ತಾರಸಿ ಮನೆ ಸಿಕ್ಕಿದರೆ ಎರಡನೇ ಯೋಚನೆ ಬೇಡ. ನಮಗೆ ಸಿಗಲಿಲ್ಲ.

ಈಗಿರುವುದು ಕಡೂರು ರಸ್ತೆ ಕಡೆ, ಮುಚ್ಚಿಹೋದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್ (ತೋಟದಿಂದ ಬಂದ ಕಾಫಿಯನ್ನು ಒಣಗಿಸಿ, ಸಿಪ್ಪೆ ತೆಗೆದು, ಬೀಜ ಆರಿಸುವ ಕಾರ್ಖಾನೆ) ಹಿಂದಿನ ಬೀದಿಯಲ್ಲಿ. ಬ್ರೋಕರ್ ತೋರಿಸಿದಾಗ ನಮ್ಮನೆಯವರು ಕಾರಿನಿಂದ ಇಳಿಯಲಿಲ್ಲ. ಉದ್ದುದ್ದ ಗೋದಾಮು, ತುಕ್ಕು ಹಿಡಿದ ಗೇಟು, ಒಡೆದ ಶೀಟು.

1942ರ ಕಾಫಿ ಕಾಯ್ದೆಯ ಕಾಲದಲ್ಲಿ ಬೆಳೆಗಾರರ ಕಾಫಿಯೆಲ್ಲ, ಎಲ್ಲರದನ್ನೂ ಒಟ್ಟುಗೂಡಿಸಿ ಮಾರುವ ಕಾಫಿ ಮಂಡಳಿಯ ಪೂಲ್‌ಗೆ ಹೋಗಬೇಕಿತ್ತು, ಅದೂ ಕ್ಯೂರಿಂಗ್ ವರ್ಕ್ಸ್ ಮೂಲಕ. 1990ರ ದಶಕದಲ್ಲಿ ಆ ಕಟ್ಟು ಸಡಿಲವಾಯಿತು. ಬೆಳೆಗಾರರು ತೋಟದಿಂದಲೇ ವ್ಯಾಪಾರಿಗಳಿಗೆ ಕೊಡತೊಡಗಿದರು. ಬೀಜ ಆರಿಸಲು ಬಣ್ಣ ಗುರುತಿಸುವ ಮೆಷಿನ್ ಬಂತು. ಕೆಲವು ವರ್ಕ್ಸ್ ಈಗಲೂ ನಡೆಯುತ್ತಿವೆ, ಇದು ನಡೆಯುತ್ತಿಲ್ಲ. ಎದುರು ಮನೆಯ ಅಜ್ಜಿ ಇಲ್ಲೇ ಬೀಜ ಆರಿಸುತ್ತಿದ್ದವರು. ಮೊರದಲ್ಲಿ ಅಕ್ಕಿ ಹಾಕಿಕೊಂಡು ಕೂತರೆ ಅವರ ಬೆರಳು ಈಗಲೂ ನೋಡಬೇಕು. ತಲೆ ಎತ್ತದೆ ಮಾತಾಡುತ್ತಲೇ ಕಲ್ಲು, ನುಚ್ಚು ಬೇರೆ ಮಾಡಿಬಿಡುತ್ತಾರೆ. ಪಿಬಿ, ಎಬಿ, ಸಿ, ಬಿಬಿಬಿ ಅಂತ ಕಾಫಿಯ ದರ್ಜೆಗಳನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಮಗಳೂ ಕಲಿತಿದ್ದಾಳೆ.

ಈ ಬೀದಿಯಲ್ಲಿ ಬಟ್ಟೆ ಬೇಗ ಒಣಗುತ್ತದೆ ಅಂದಾಗ ಆ ಅಜ್ಜಿಯೇ ಹೇಳಿದ್ದು: "ಬಿಸಿಲು ನೋಡೇ ಅಲ್ವಾ ಕಣಮ್ಮ ಇಲ್ಲಿ ಕಣ ಮಾಡಿದ್ದು? ಥಂಡಿ ಜಾಗದಲ್ಲಿ ಕಾಫಿ ಒಣಗ್ತದಾ?" ಆಮೇಲೆ ಗಮನವಿಟ್ಟು ನೋಡಿದೆ. ಜಾಗ ಸುತ್ತಲಿಗಿಂತ ಎತ್ತರ. ಸಿಮೆಂಟಿನ ಕಣ ಒಂದು ಕಡೆಗೆ ಸಣ್ಣಗೆ ಇಳಿಜಾರು, ನೀರು ನಿಲ್ಲುವುದಿಲ್ಲ. ಗಾಳಿಗೆ ಅಡ್ಡವಾಗಿ ಮರವಿಲ್ಲ, ಎತ್ತರದ ಕಟ್ಟಡವಿಲ್ಲ. ಲಾರಿ ತಿರುಗಲಿ ಅಂತ ರಸ್ತೆ ಅಗಲ. ಕಾಫಿಗೆ ಬೇಕಾದದ್ದೇ ನಮಗೂ ಬೇಕಿತ್ತು. ಪುಷ್ಯ ಮಳೆಯಲ್ಲೂ ಗೋಡೆಗೆ ಬೂಷ್ಟು ಬರಲಿಲ್ಲ. ನಗರಸಭೆಯವರು ಯಗಚಿ ಹೊಳೆಯ ನೀರು ಬಿಡುವ ದಿನ ಸಂಪು ತುಂಬುತ್ತದೆ. ಹಳೆಯ ಕೆಲಸಗಾರರ ಸಂಸಾರಗಳು ಇಲ್ಲೇ ಇರುವುದರಿಂದ ಹಾಲು, ದಿನಸಿ, ಹೂವು, ಸಣ್ಣ ಹೋಟೆಲ್ ಎಲ್ಲ ನಾಲ್ಕು ಹೆಜ್ಜೆ. ಬೆಂಗಳೂರಿಗೆ ರೈಲು ಹಿಡಿಯಲು ಕಡೂರಿಗೆ ಹೋಗುವಾಗ ಊರು ದಾಟುವ ರಗಳೆಯೂ ಇಲ್ಲ.

ತೊಂದರೆ ಇಲ್ಲವೇ ಇಲ್ಲ ಅನ್ನುವುದಿಲ್ಲ. ಕತ್ತಲಾದ ಮೇಲೆ ಗೋದಾಮಿನ ಗೋಡೆ ಪಕ್ಕ ಬೀದಿ ದೀಪವಿಲ್ಲ, ಟ್ಯೂಷನ್ ಮುಗಿಸಿ ಬರುವ ಮಗಳನ್ನು ಯಾರಾದರೂ ಹೋಗಿ ಕರೆತರಬೇಕು. ಒಡೆದ ಆಸ್‌ಬೆಸ್ಟಾಸ್ ಶೀಟಿನ ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಮಕ್ಕಳು ಅಲ್ಲಿ ಆಡದಂತೆ ಬೀದಿಯವರೆಲ್ಲ ಸೇರಿ ಬೇಲಿ ಹಾಕಿಸಿದೆವು. ವರ್ಕ್ಸ್ ಇನ್ನೂ ನಡೆಯುತ್ತಿರುವ ಕಡೆ ಮನೆ ನೋಡುವುದಾದರೆ ಕೊಯ್ಲಿನ ಕಾಲದಲ್ಲಿ ಹೋಗಿ ನಿಂತು ನೋಡಿ. ಸಿಪ್ಪೆ ಹೊಟ್ಟಿನ ದೂಳು, ಲಾರಿ ಸದ್ದು ಎರಡೂ ಇರುತ್ತವೆ. ಉಬ್ಬಸ ಇರುವವರಿಗೆ ಬೇಡವೇ ಬೇಡ.

ಗಿರಿ ಕಡೆಗಿಂತ ಬಾಡಿಗೆ ಇಲ್ಲಿ ಎಷ್ಟೋ ಕಡಿಮೆ. ನಾವು ಈಗ ಭೋಗ್ಯಕ್ಕೆ ಹಾಕಿಕೊಂಡಿದ್ದೇವೆ. ಪಕ್ಕದ ಕಣವನ್ನು ಸೈಟು ಮಾಡಿ ಮಾರುವ ಮಾತು ನಡೆದಿದೆ, ನಮ್ಮನ್ನೂ ಕೇಳಿದ್ದಾರೆ. ಇಂಥ ಜಾಗ ಕೊಳ್ಳುವವರು ಇಸಿ (ಋಣಭಾರ ಪತ್ರ), ಖಾತೆ ನೋಡಿದರೆ ಸಾಲದು. ಕೈಗಾರಿಕೆಗೆ ಅಂತಿದ್ದ ಜಾಗವನ್ನು ವಸತಿಗೆ ಬದಲಾಯಿಸಿದ ಆದೇಶದ ಪ್ರತಿಯನ್ನು ಕೇಳಿ ಪಡೆಯಬೇಕು. ಅದಿಲ್ಲದಿದ್ದರೆ ಮನೆ ಪ್ಲಾನಿಗೂ ತೊಡಕು, ಬ್ಯಾಂಕ್ ಸಾಲಕ್ಕೂ ತೊಡಕು. ನಮಗೆ ಅದನ್ನು ಇನ್ನೂ ತೋರಿಸಿಲ್ಲ. ತೋರಿಸುವವರೆಗೆ ಅಡ್ವಾನ್ಸ್ ಕೊಡುವುದಿಲ್ಲ ಅಂತ ಹೇಳಿ ಕಳಿಸಿದ್ದೇವೆ.