ಹಾರ್ನ್ ಸ್ಪೀಕರಿನ ಕೆಪಾಸಿಟರ್ ಕಿತ್ತುಹಾಕುವ ಮುನ್ನ ಇದನ್ನು ಓದಿ

ಕಹಳೆಯಾಕಾರದ ಹಾರ್ನ್‌ಗೆ ಜೋಡಿಸಿದ ಕಂಪ್ರೆಷನ್ ಡ್ರೈವರನ್ನು, ಎಂದರೆ ತೆಳು ಪೊರೆ ಅಲುಗಿಸಿ ತಾರಸ್ವರ ಹೊರಡಿಸುವ ಘಟಕವನ್ನು, ಮಂದ್ರ ತಡೆಯುವ ಕೆಪಾಸಿಟರ್ ಇಲ್ಲದೆ ನೇರವಾಗಿ ಆಂಪ್ಲಿಫೈಯರಿಗೆ ಕಟ್ಟಿ ಯಾರಾದರೂ ಸಂಗೀತ ಕೇಳುತ್ತಿದ್ದರೆ, ಮೊದಲು ಆಂಪ್ಲಿಫೈಯರ್ ಆರಿಸಿ, ಆಮೇಲೆ ಇದನ್ನು ಓದಿ. ನನ್ನ ಮನೆಯಲ್ಲಿ ಎರಡೇ ಸೆಕೆಂಡಿನಲ್ಲಿ ಎರಡು ಡ್ರೈವರ್‌ಗಳು ಹಾಳಾದವು. ಅದು ಹೋಗಲಿ, ದುಡ್ಡು ಕೊಟ್ಟರೆ ಇನ್ನೊಂದು ಬರುತ್ತದೆ. ಆ ಹೊತ್ತಿಗೆ ಹಾರ್ನ್‌ನ ಬಾಯಿಗೆ ಕಿವಿ ಕೊಟ್ಟು ಕುಳಿತಿದ್ದ ನನ್ನ ತಮ್ಮನ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಇಂದಿಗೂ ನಿಂತಿಲ್ಲ.

ಸ್ಪೀಕರುಗಳನ್ನು ನಾವಿಬ್ಬರೇ ಕಟ್ಟಿದ್ದೆವು. ಪೆಟ್ಟಿಗೆಯಿಲ್ಲದ ಓಪನ್ ಬ್ಯಾಫಲ್: 60 ಸೆಂಟಿಮೀಟರ್ ಅಗಲದ ದಪ್ಪ ಪ್ಲೈವುಡ್ ಹಲಗೆ, ಅದರಲ್ಲಿ ತಲಾ ಎರಡು 15 ಇಂಚಿನ ವೂಫರ್ (ಮಂದ್ರ ನುಡಿಸುವ ಸ್ಪೀಕರ್), ಹಲಗೆಯ ನೆತ್ತಿಯ ಮೇಲೆ ಹಾರ್ನ್, ಅದರ ಹಿಂದೆ ಟೈಟಾನಿಯಂ ಪೊರೆಯ ಕಂಪ್ರೆಷನ್ ಡ್ರೈವರ್. ಮೊದಲ ಎರಡು ವರ್ಷ ಕಾಯಿಲ್, ಕೆಪಾಸಿಟರ್, ರೆಸಿಸ್ಟರುಗಳ ಸಾದಾ ಕ್ರಾಸ್‌ಓವರ್ ಇತ್ತು. 1200 ಹರ್ಟ್ಸ್‌ನಿಂದ ಮೇಲಿನದು ಹಾರ್ನ್‌ಗೆ, ಕೆಳಗಿನದು ವೂಫರಿಗೆ. ಹಾಡುಗಾರರ ಕಂಠ ಎದುರಿಗೆ ಕುಳಿತು ಹಾಡಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಒಂದೇ ಕೊರತೆ, ಮಂದ್ರ ಸಾಲದು.

ಅದಕ್ಕೆ ಕಾರಣ ಹಲಗೆಯಲ್ಲೇ ಇದೆ. ಪೆಟ್ಟಿಗೆಯಿಲ್ಲದ ವೂಫರ್ ಮುಂದಕ್ಕೆ ಎಷ್ಟು ಗಾಳಿ ತಳ್ಳುತ್ತದೋ ಹಿಂದಿನಿಂದ ಅಷ್ಟನ್ನೇ ಎಳೆದುಕೊಳ್ಳುತ್ತದೆ. ಹಿಂದಿನ ಅಲೆ ಅಂಚನ್ನು ಬಳಸಿ ಮುಂದೆ ಬಂದು ಮುಂದಿನ ಅಲೆಯನ್ನು ನುಂಗುತ್ತದೆ. ನಮ್ಮ ಹಲಗೆಯಲ್ಲಿ ಆ ಸುತ್ತುದಾರಿ ಸುಮಾರು 30 ಸೆಂಟಿಮೀಟರ್. ಶಬ್ದದ ವೇಗವನ್ನು ಆ ದೂರದ ಆರರಷ್ಟರಿಂದ ಭಾಗಿಸಿದರೆ ಸರಿಸುಮಾರು 190 ಹರ್ಟ್ಸ್ ಬರುತ್ತದೆ. ಅಲ್ಲಿಂದ ಕೆಳಗೆ ಪ್ರತಿ ಅಷ್ಟಕಕ್ಕೆ, ಎಂದರೆ ಹರ್ಟ್ಸ್ ಅರ್ಧಕ್ಕಿಳಿದಾಗಲೆಲ್ಲ, 6 ಡೆಸಿಬೆಲ್ ಸೋರಿಕೆ. 48 ಹರ್ಟ್ಸ್ ತಲುಪುವಾಗ 12 ಡೆಸಿಬೆಲ್ ಹೋಗಿರುತ್ತದೆ. ಅದನ್ನು ಮರಳಿ ತುಂಬಲು ಹದಿನಾರು ಪಟ್ಟು ವಿದ್ಯುತ್ ಬೇಕು. ವಿದ್ಯುತ್ತಿಗಿಂತ ದೊಡ್ಡ ತೊಂದರೆ ವೂಫರಿನ ಓಡಾಟ: ಸದ್ದನ್ನು ಒಂದೇ ಮಟ್ಟದಲ್ಲಿ ಇಡಬೇಕೆಂದರೆ ಒಂದೊಂದು ಅಷ್ಟಕ ಕೆಳಗಿಳಿದಾಗಲೂ ಕೋನ್ ಎಂಟು ಪಟ್ಟು ಹೆಚ್ಚು ಚಲಿಸಬೇಕು. ಪೆಟ್ಟಿಗೆಯ ಸ್ಪೀಕರಿನಲ್ಲಿ ನಾಲ್ಕೇ ಪಟ್ಟು. ಓಪನ್ ಬ್ಯಾಫಲ್‌ನಲ್ಲಿ ಮಂದ್ರವನ್ನು ಕಣ್ಣುಮುಚ್ಚಿ ಏರಿಸುವವರು ಇದನ್ನು ಮರೆಯಬಾರದು. ನಾನು ಏರಿಸಿದೆ, ಜೋರಾದ ಮೃದಂಗದ ಹೊಡೆತಕ್ಕೆ ವೂಫರ್ ಒಳಗಿನಿಂದ ಟಕ್ ಟಕ್ ಎಂದು ಬಡಿಯಿತು. ಕೋನನ್ನು ಓಡಾಡಿಸುವ ಕಾಯಿಲ್ ತನ್ನ ಮಿತಿಯ ಕೊನೆಗೆ ಹೋಗಿ ಲೋಹಕ್ಕೆ ತಾಗುವ ಸದ್ದು ಅದು. ಹೆದರಿ ತಗ್ಗಿಸಿದೆ.

ಈ ಹೊಂದಾಣಿಕೆಗಳನ್ನು ನಿಖರವಾಗಿ ಮಾಡಬೇಕೆಂದೇ ಕಂಪ್ಯೂಟರ್ ಆಧಾರಿತ ಕ್ರಾಸ್‌ಓವರಿಗೆ ಬಂದೆ. ಸೌಂಡ್ ಕಾರ್ಡಿನ ನಾಲ್ಕು ಔಟ್‌ಪುಟ್, ನಾಲ್ಕು ಚಾನೆಲ್ಲಿನ ಆಂಪ್ಲಿಫೈಯರ್; ಎರಡು ಚಾನೆಲ್ ವೂಫರುಗಳಿಗೆ, ಉಳಿದೆರಡು ಹಾರ್ನ್‌ಗಳಿಗೆ. ಶಬ್ದವನ್ನು ಭಾಗಿಸುವುದು, ಏರಿಸುವುದು, ಇಳಿಸುವುದು, ಕೊನೆಗೆ ವಾಲ್ಯೂಮ್ ಕೂಡ ಎಲ್ಲವೂ ತಂತ್ರಾಂಶದ ಕೈಯಲ್ಲಿ. ಹೀಗಿರುವಾಗ ಹಾರ್ನ್‌ನ ದಾರಿಯಲ್ಲಿ ಕೆಪಾಸಿಟರ್ ಏಕೆ, ರೆಸಿಸ್ಟರ್ ಏಕೆ ಎಂದುಕೊಂಡೆ. ಇವು ಧ್ವನಿಗೆ ಮಸುಕು ಹಿಡಿಸುತ್ತವೆ ಎಂದು ಎಲ್ಲೆಲ್ಲೋ ಓದಿದ್ದು ತಲೆಯಲ್ಲಿತ್ತು. ಬೆಸುಗೆ ಬಿಡಿಸಿ ಎಲ್ಲವನ್ನೂ ತೆಗೆದೆ, ಡ್ರೈವರನ್ನು ನೇರವಾಗಿ ಆಂಪ್ಲಿಫೈಯರಿಗೆ ಕಟ್ಟಿದೆ. ನಿಜ ಹೇಳಬೇಕೆಂದರೆ ಮೂರು ತಿಂಗಳು ಧ್ವನಿ ಬಹಳ ಚೆನ್ನಾಗಿತ್ತು. ಆ ಮೂರು ತಿಂಗಳೇ ನನಗೆ ಸುಳ್ಳು ಧೈರ್ಯ ಕೊಟ್ಟದ್ದು.

ಒಂದು ಸಣ್ಣ ಕಿರಿಕಿರಿ ಮಾತ್ರ ಉಳಿಯಿತು. ಸಂಗೀತ ಇಲ್ಲದಿರುವಾಗ ಹಾರ್ನ್‌ನಿಂದ ಸ್ಸ್ ಎಂಬ ಸದ್ದು. ನಮ್ಮ ಡ್ರೈವರ್ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 107 ಡೆಸಿಬೆಲ್ ಕೊಡುತ್ತದೆ. ಹಾರ್ನ್‌ನ ಶಕ್ತಿಯೇ ಅಂಥದ್ದು. 1926ರ ಸುಮಾರಿಗೆ ವೆಂಟೆ ಮತ್ತು ಥುರಾಸ್ ಎಂಬ ಎಂಜಿನಿಯರುಗಳು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಗಾಗಿ ರೂಪಿಸಿದ 555 ಡ್ರೈವರ್ ಕೆಲವೇ ವ್ಯಾಟ್‌ಗಳಲ್ಲಿ ಇಡೀ ಚಿತ್ರಮಂದಿರವನ್ನು ತುಂಬುತ್ತಿತ್ತು. ಇಷ್ಟು ಸೂಕ್ಷ್ಮವಾದ ಡ್ರೈವರ್ ಆಂಪ್ಲಿಫೈಯರಿನ ಉಸಿರನ್ನೂ ಕೇಳಿಸುತ್ತದೆ. ಹಿಂದೆ ರೆಸಿಸ್ಟರುಗಳು 10 ಡೆಸಿಬೆಲ್ ತಗ್ಗಿಸುತ್ತಿದ್ದುದರಿಂದ ಅದು ಕಿವಿಗೆ ಬಿದ್ದಿರಲಿಲ್ಲ. ಕಿರಿಕಿರಿಯನ್ನು ನಾನೇ ಬರಮಾಡಿಕೊಂಡಿದ್ದೆ ಎಂಬುದು ಆಗ ಹೊಳೆಯಲಿಲ್ಲ. ತಂತಿ ಬದಲಿಸಿದರೆ ಹೋಗಬಹುದೇ ಎಂದು ಹುಡುಕುತ್ತಿದ್ದೆವು.

ಆ ರಾತ್ರಿ ಮಾಡುತ್ತಿದ್ದುದೂ ಅದನ್ನೇ. ತಮ್ಮ ಎಡ ಹಾರ್ನ್‌ನ ಬಾಯಿಗೆ ಕಿವಿ ಹಚ್ಚಿ ಕುಳಿತಿದ್ದ, ನಾನು ಆಂಪ್ಲಿಫೈಯರಿನ ಹಿಂದೆ ತಂತಿಗಳನ್ನು ಅಲುಗಾಡಿಸುತ್ತಿದ್ದೆ. ಕಂಪ್ಯೂಟರ್ ಯಾವುದೋ ಅಪ್‌ಡೇಟ್ ಮುಗಿಸಿ ತಾನಾಗಿ ಮರುಚಾಲನೆಗೊಂಡಿತ್ತು. ನಮ್ಮ ತಂತ್ರಾಂಶ ಅದರೊಂದಿಗೆ ಮತ್ತೆ ತೆರೆದುಕೊಂಡಿರಲಿಲ್ಲ. ಅದಿಲ್ಲವೆಂದರೆ ಕ್ರಾಸ್‌ಓವರ್ ಇಲ್ಲ, ವಾಲ್ಯೂಮ್ ಹಿಡಿತವೂ ಇಲ್ಲ. ನಾಲ್ಕೂ ಔಟ್‌ಪುಟ್‌ಗಳಿಗೆ ಇಡೀ ಸಂಗೀತ, ಮಂದ್ರದಿಂದ ತಾರದವರೆಗೆ, ಪೂರ್ಣ ಮಟ್ಟದಲ್ಲಿ. ಸಂಜೆ ನಿಲ್ಲಿಸಿದ್ದ ಹಾಡನ್ನು ಒಮ್ಮೆ ಹಾಕಿ ನೋಡೋಣವೆಂದು ನಾನೇ ಗುಂಡಿ ಒತ್ತಿದೆ.

ಅದನ್ನು ಸಂಗೀತ ಎನ್ನಲಾರೆ. ತಗಡು ಹರಿದಂಥ ಒಂದು ಅಬ್ಬರ. ಪ್ಲಗ್ ಕಿತ್ತೆ. ಎರಡು ಸೆಕೆಂಡು ಇದ್ದಿರಬಹುದು. ತಮ್ಮ ನೆಲದ ಮೇಲೆ ಕುಳಿತು ಎಡಗಿವಿ ಹಿಡಿದುಕೊಂಡಿದ್ದ. “ಅಣ್ಣ, ಎಡಗಡೆಯದು ಕೇಳಿಸುತ್ತಿಲ್ಲ” ಎಂದ. ನಾನು ಎಡ ಹಾರ್ನ್ ಸತ್ತಿತೆಂದು ತಿಳಿದು ಮಲ್ಟಿಮೀಟರ್ ತರಲು ಓಡಿದೆ. ಅವನು ತನ್ನ ಕಿವಿಯ ಮಾತು ಹೇಳುತ್ತಿದ್ದ.

ಅದನ್ನು ನೆನೆದರೆ ಈಗಲೂ ಎದೆ ಹಿಂಡುತ್ತದೆ. ಕಿವಿಯ ಪರೀಕ್ಷೆಯ ನಕ್ಷೆಯಲ್ಲಿ 4000 ಹರ್ಟ್ಸ್ ಬಳಿ ಗೆರೆ ಹಳ್ಳಕ್ಕೆ ಬಿದ್ದಂತೆ ಕುಸಿದಿತ್ತು. ದೊಡ್ಡ ಸದ್ದಿನ ಪೆಟ್ಟು ಸಾಮಾನ್ಯವಾಗಿ ಬೀಳುವುದು ಆ ಆಸುಪಾಸಿನಲ್ಲೇ. ಕೆಲವು ವಾರಗಳಲ್ಲಿ ಬಹುಪಾಲು ಮೇಲೆ ಬಂತು. ನಿಶ್ಶಬ್ದದಲ್ಲಿ ಕೇಳುವ ಗುಂಯ್‌ಗುಡುವಿಕೆ ಉಳಿಯಿತು. ಆಮೇಲೆ ಕುಳಿತು ಲೆಕ್ಕ ಹಾಕಿದೆ: 107 ಡೆಸಿಬೆಲ್‌ನ ಡ್ರೈವರಿಗೆ 100 ವ್ಯಾಟ್ ಹೋದರೆ ಒಂದು ಮೀಟರ್ ದೂರದಲ್ಲೇ 127 ಡೆಸಿಬೆಲ್. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆಯ ಮಿತಿ ಹೇಳುತ್ತದೆ, ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. ಆ ಲೆಕ್ಕದಲ್ಲಿ 127ಕ್ಕೆ ಸಿಗುವುದು ಎರಡು ಸೆಕೆಂಡಿಗೂ ಕಡಿಮೆ. ಅವನ ಕಿವಿ ಇದ್ದದ್ದು ಒಂದು ಗೇಣಿನೊಳಗೆ.

ಡ್ರೈವರ್ ಬಿಚ್ಚಿದಾಗ ಎಡಗಡೆಯದರ ಪೊರೆ ಅಂಚಿನ ಸುತ್ತ ಸೀಳಿಹೋಗಿತ್ತು. ಕಾಯಿಲ್ ತುಂಡಾಗಿ ಮೀಟರ್ ಏನನ್ನೂ ತೋರಿಸಲಿಲ್ಲ. ಬಲಗಡೆಯದು, 8 ಓಮ್ ಎನ್ನುವ ಡ್ರೈವರ್ ಮೀಟರಿನಲ್ಲಿ ತೋರಿಸಬೇಕಾದಂತೆ, ಸರಿಯಾಗಿಯೇ 6 ಓಮ್ ತೋರಿಸುತ್ತಿತ್ತು, ಆದರೆ ಕಾಯಿಲ್ ಉಜ್ಜಿ ಕರಕರ ಎನ್ನುತ್ತಿತ್ತು. ಮೀಟರ್ ಸರಿ ಎಂದರೆ ಡ್ರೈವರ್ ಸರಿಯಿದೆ ಎಂದು ನಂಬಬೇಡಿ. ಈ ಪೊರೆಗೂ ಅದರ ಎದುರಿನ ಫೇಸ್ ಪ್ಲಗ್‌ಗೂ (ಶಬ್ದವನ್ನು ಹಾರ್ನ್‌ನತ್ತ ಸಾಗಿಸುವ, ಸಂದಿಗಳಿರುವ ಗಟ್ಟಿ ತುಂಡಿಗೂ) ನಡುವೆ ಒಂದು ಮಿಲಿಮೀಟರಿನಷ್ಟೂ ಜಾಗವಿರುವುದಿಲ್ಲ. ಹಾರ್ನ್ ತನ್ನ ಕೆಳಮಿತಿಯ ಮೇಲೆ ಕೆಲಸ ಮಾಡುವಾಗ ಗಾಳಿಯೇ ಪೊರೆಯನ್ನು ಹಿಡಿದು ನಿಲ್ಲಿಸುತ್ತದೆ. ಆ ಮಿತಿಯ ಕೆಳಗಿನ ಮಂದ್ರ ಬಂದರೆ ಹಿಡಿಯುವ ಗಾಳಿಯಿಲ್ಲ, ಪೊರೆ ಹೋಗಿ ಫೇಸ್ ಪ್ಲಗ್‌ಗೆ ಬಡಿಯುತ್ತದೆ. 15 ಇಂಚಿನ ವೂಫರ್‌ಗಳು ಅದೇ ಹೊಡೆತಕ್ಕೆ ಏನೂ ಆಗದೆ ಉಳಿದವು.

ಬದಲಿ ಪೊರೆಯ ವಿಷಯದಲ್ಲೂ ಒಂದು ಮಾತು. ಮೊದಲು ಅಗ್ಗದ ನಕಲು ಪೊರೆಗಳನ್ನು ತರಿಸಿದೆ. ಮೈಕ್ ಇಟ್ಟು ಅಳೆದರೆ ಎರಡೂ ಕಡೆಯ ತಾರಸ್ವರಗಳು ಒಂದಕ್ಕೊಂದು ಹೊಂದಲಿಲ್ಲ, ಗಾಯಕಿ ಸ್ವರ ಏರಿಸಿದಂತೆ ಮಧ್ಯದಿಂದ ಬಲಕ್ಕೆ ಸರಿಯುತ್ತಿದ್ದಳು. ತಯಾರಕರ ಮೂಲ ಪೊರೆಗಳನ್ನೇ ಹಾಕಬೇಕು, ಅದಕ್ಕೂ ಮುನ್ನ ಕಾಯಿಲ್ ಕೂರುವ ಸಂದಿಯಲ್ಲಿ ಅಂಟುಪಟ್ಟಿ ಇಳಿಸಿ ಲೋಹದ ಚೂರುಗಳನ್ನು ತೆಗೆಯಬೇಕು.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತಾದರೂ ಬಾಗಿಲು ಹಾಕಿದೆ. ಈಗ ಪ್ರತಿ ಹಾರ್ನ್‌ನ ದಾರಿಯಲ್ಲಿ 47 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇದೆ. 8 ಓಮ್ ಡ್ರೈವರಿಗೆ ಅದರ ತಿರುವು, ಎಂದರೆ ಅದು ಕೆಳಗಿನ ಸ್ವರಗಳನ್ನು ತಡೆಯತೊಡಗುವ ಜಾಗ, ಸುಮಾರು 420 ಹರ್ಟ್ಸ್, 1200ರ ಕ್ರಾಸ್‌ಓವರಿಗಿಂತ ಬಹಳ ಕೆಳಗೆ. ಧ್ವನಿಗೆ ಆಗುವ ಸಣ್ಣ ವ್ಯತ್ಯಾಸವನ್ನು ತಂತ್ರಾಂಶದಲ್ಲೇ ತಿದ್ದಬಹುದು. 50 ಹರ್ಟ್ಸ್‌ಗೆ ಅದು ಒಡ್ಡುವ ಅಡ್ಡಿ ಸುಮಾರು 68 ಓಮ್, ಹಾಗಾಗಿ ವೋಲ್ಟೇಜಿನ ಎಂಟರಲ್ಲೊಂದು ಪಾಲೂ ಡ್ರೈವರನ್ನು ಮುಟ್ಟುವುದಿಲ್ಲ. ಆಂಪ್ಲಿಫೈಯರ್ ಹೊತ್ತಿಸುವಾಗಿನ ಧಪ್ ಎಂಬ ಏಟು ಕುಗ್ಗುತ್ತದೆ, ಆಂಪ್ಲಿಫೈಯರ್ ಕೆಟ್ಟು ನೇರವಿದ್ಯುತ್ ನುಗ್ಗಿದರೂ ಕಾಯಿಲ್ ಸುಡುವುದಿಲ್ಲ.

ಆದರೆ ಕೆಪಾಸಿಟರ್ ಕಿವಿಯನ್ನು ಕಾಯುವುದಿಲ್ಲ, ತಾರಸ್ವರ ಅದರ ಮೂಲಕ ಪೂರ್ತಿ ಹಾದುಹೋಗುತ್ತದೆ. ಕಿವಿಗಾಗಿ ಹಳೆಯ ರೆಸಿಸ್ಟರುಗಳನ್ನು ಮರಳಿ ಹಾಕಿದ್ದೇನೆ. 10 ಡೆಸಿಬೆಲ್ ತಗ್ಗಿದರೆ ಡ್ರೈವರಿಗೆ ಹೋಗುವುದು ವಿದ್ಯುತ್ತಿನ ಹತ್ತನೆಯ ಒಂದು ಪಾಲು. ಸ್ಸ್ ಸದ್ದು ಅಂದೇ ಅಡಗಿತು. ಇವನ್ನು ಕೀಳದೆ ಇದ್ದಿದ್ದರೆ ತಮ್ಮ ಹಾರ್ನ್‌ನ ಬಾಯಿಗೆ ಕಿವಿ ಹಚ್ಚುವ ಸಂದರ್ಭವೇ ಬರುತ್ತಿರಲಿಲ್ಲ. ಇದರ ಜೊತೆಗೆ ಕೈಯಲ್ಲಿ ತಿರುಗಿಸುವ, ನಾಲ್ಕು ಚಾನೆಲ್ಲಿಗೂ ಒಂದೇ ಆದ ವಾಲ್ಯೂಮ್ ಗುಂಡಿಯನ್ನು ಸೌಂಡ್ ಕಾರ್ಡಿಗೂ ಆಂಪ್ಲಿಫೈಯರಿಗೂ ನಡುವೆ ಇಟ್ಟಿದ್ದೇನೆ. ತಂತ್ರಾಂಶದ ವಾಲ್ಯೂಮ್ ಒಂದನ್ನೇ ನಂಬುವುದನ್ನು ದಯವಿಟ್ಟು ಬಿಡಿ.

ಹಲಗೆಗೆ ಅಗಲವಾದ ಪಾದ ಕೊಡಿ ಎಂಬುದನ್ನೂ ಸೇರಿಸುತ್ತೇನೆ. ಎರಡು ವೂಫರುಗಳ ಆಯಸ್ಕಾಂತದ ಭಾರವೆಲ್ಲ ಹಿಂದಕ್ಕೇ ಎಳೆಯುತ್ತದೆ, ನಮ್ಮದು ಒಮ್ಮೆ ಗೋಡೆಗೆ ಒರಗಿತು, ಯಾರೂ ಹಿಂದೆ ಇರಲಿಲ್ಲ.

ಹೊಸ ಜೋಡಣೆ ಮಾಡಿದಾಗಲೆಲ್ಲ ಈಗ ಹಾರ್ನ್ ಕಳಚಿ, ಅದರ ಜಾಗದಲ್ಲಿ ಒಂದು ಹಳೆಯ ಸಣ್ಣ ಸ್ಪೀಕರ್ ಕಟ್ಟುತ್ತೇನೆ. ಕಂಪ್ಯೂಟರನ್ನು ಮರುಚಾಲನೆ ಮಾಡುತ್ತೇನೆ, ತಂತ್ರಾಂಶವನ್ನು ಬೇಕೆಂದೇ ಮುಚ್ಚುತ್ತೇನೆ, ಸೌಂಡ್ ಕಾರ್ಡಿನ ತಂತಿ ಕಿತ್ತು ಮತ್ತೆ ಹಾಕುತ್ತೇನೆ. ಆ ಸಣ್ಣ ಸ್ಪೀಕರಿನಿಂದ ಯಾವ ಹಂತದಲ್ಲಾದರೂ ಮಂದ್ರ ಕೇಳಿದರೆ ಹಾರ್ನ್ ಆ ದಿನ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಕೇಳದಿದ್ದರೆ ಆಂಪ್ಲಿಫೈಯರ್ ಆರಿಸಿ ಹಾರ್ನ್ ಕಟ್ಟಿ, ವಾಲ್ಯೂಮ್ ಗುಂಡಿಯನ್ನು ಪೂರ್ತಿ ಇಳಿಸಿ, ಮನೆಯವರು ಮೂರು ಮೀಟರ್ ಹಿಂದೆ ಸರಿದ ಮೇಲೆ ಹೊತ್ತಿಸುತ್ತೇನೆ.