ತೊಗರಿ ಸೀಸನ್‌ನಲ್ಲಿ ಮಾಡ್ಯೂಲ್ ಫೆಡರೇಶನ್: ಮೂರು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ವೆಬ್ ಆ್ಯಪನ್ನು ತುಂಡುತುಂಡಾಗಿ ಏರಿಸಲು ಬಿಡುವ ಮಾಡ್ಯೂಲ್ ಫೆಡರೇಶನ್‌ಗೆ ಐದಕ್ಕೆ ಮೂರೂವರೆ ಸ್ಟಾರ್. ಕಳೆದ ಒಂದೂವರೆಯಲ್ಲಿ ಅರ್ಧ ಅದರ ತಪ್ಪು, ಒಂದು ಪೂರ್ತಿ ನಮ್ಮದು.

ನಾವು ಆರು ಜನ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲೆ ನಮ್ಮ ಆಫೀಸು. ದಾಲ್ ಮಿಲ್‌ಗಳಿಗೆ, ಗಂಜ್‌ನ (ಧಾನ್ಯದ ಮಾರುಕಟ್ಟೆ) ಅಡತಿ ಅಂಗಡಿಗಳಿಗೆ ಒಂದು ವೆಬ್ ಆ್ಯಪ್ ಮಾಡಿಕೊಟ್ಟಿದ್ದೇವೆ. ಕಾಟಾ ಮೇಲೆ ಲಾರಿ ನಿಂತಾಗ ತೂಕ ಬರೆದುಕೊಳ್ಳುವುದು, ಬಿಲ್ಲು, ದಾಸ್ತಾನು, ರಿಪೋರ್ಟು, ಇಷ್ಟೇ. ಶುರುವಿನಲ್ಲಿ ಎಲ್ಲ ಒಂದೇ ರಿಯಾಕ್ಟ್ (ವೆಬ್ ಪರದೆ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ) ಪ್ರಾಜೆಕ್ಟ್ ಆಗಿತ್ತು. ಚಿಕ್ಕದಿದ್ದಾಗ ಅದೇ ಚೆನ್ನಾಗಿತ್ತು.

ತೊಂದರೆ ಶುರುವಾಗಿದ್ದು ಸೀಸನ್‌ನಲ್ಲಿ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹೊಸ ತೊಗರಿ ಬರುತ್ತದೆ. ಆಗ ತೂಕದ ಪರದೆ ಹತ್ತು ನಿಮಿಷ ನಿಂತರೂ ಗೇಟಿನ ಹೊರಗೆ ಲಾರಿ ಸಾಲು ಬೆಳೆಯುತ್ತದೆ, ಹಮಾಲರು ಸುಮ್ನೆ ಕೂರುತ್ತಾರೆ. ಹಾಗಾಗಿ ಆ ಮೂರು ತಿಂಗಳು ನಾವು ಏನನ್ನೂ ರಿಲೀಸ್ ಮಾಡುತ್ತಿರಲಿಲ್ಲ. ಆದರೆ ಜನಕ್ಕೆ ರಿಪೋರ್ಟಿನಲ್ಲಿ ಬದಲಾವಣೆ ಬೇಕಾಗುವುದೂ ಅದೇ ಮೂರು ತಿಂಗಳಲ್ಲಿ. ರಿಪೋರ್ಟಿನಲ್ಲಿ ಒಂದು ಕಾಲಂ ಸೇರಿಸಲು ತೂಕದ ಪರದೆಯನ್ನೂ ಮತ್ತೆ ಕಟ್ಟಿ ಏರಿಸಬೇಕು ಅಂದರೆ ಯಾರಿಗೆ ಧೈರ್ಯ ಬರುತ್ತದೆ?

ಅದಕ್ಕೇ 2022ರ ಜೂನ್‌ನಲ್ಲಿ ಮಾಡ್ಯೂಲ್ ಫೆಡರೇಶನ್‌ಗೆ ಕೈ ಹಾಕಿದೆವು. ಇದು 2020ರ ಅಕ್ಟೋಬರ್‌ನಲ್ಲಿ ಕೋಡ್ ಫೈಲುಗಳನ್ನು ಬ್ರೌಸರ್‌ಗಾಗಿ ಕಟ್ಟಿಕೊಡುವ ವೆಬ್‌ಪ್ಯಾಕ್‌ನ 5ನೇ ಆವೃತ್ತಿಯ ಜೊತೆ ಬಂದದ್ದು. ಇದರ ಹಿಂದಿನ ತಲೆ ಝ್ಯಾಕ್ ಜಾಕ್ಸನ್ ಅವರದು. ‘ಮೈಕ್ರೋ ಫ್ರಂಟ್‌ಎಂಡ್’ (ಪರದೆಗಳನ್ನು ಹೀಗೆ ಸ್ವತಂತ್ರ ತುಂಡು ಮಾಡುವುದು) ಅನ್ನುವ ಮಾತು ಅದಕ್ಕೂ ಹಳೆಯದು, 2016ರಲ್ಲೇ ಥಾಟ್‌ವರ್ಕ್ಸ್ ಅನ್ನುವ ಸಾಫ್ಟ್‌ವೇರ್ ಕಂಪನಿಯ ಟೆಕ್ನಾಲಜಿ ರಾಡಾರ್ ವರದಿಯಲ್ಲಿ ಬಂದಿತ್ತು. ದುಡ್ಡು ಕೊಡಬೇಕಾಗಿಲ್ಲ, ಓಪನ್ ಸೋರ್ಸ್.

ಗೊತ್ತಿಲ್ಲದವರಿಗೆ ಎರಡು ಮಾತು. ದೊಡ್ಡ ಪ್ರಾಜೆಕ್ಟನ್ನು ತುಂಡು ಮಾಡುತ್ತೀರಿ. ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಬಿಲ್ಡ್ ಮಾಡಿ ಬೇರೆಬೇರೆ ಜಾಗದಲ್ಲಿ ಇಡುತ್ತೀರಿ. ಬಳಕೆದಾರರು ಪುಟ ತೆರೆದಾಗ ಬ್ರೌಸರ್ ಒಳಗೇ ಅವು ಕೂಡಿಕೊಳ್ಳುತ್ತವೆ. ಮುಖ್ಯ ಚೌಕಟ್ಟಿಗೆ ಹೋಸ್ಟ್ ಅನ್ನುತ್ತಾರೆ, ಹೊರಗಿನಿಂದ ಬರುವ ತುಂಡಿಗೆ ರಿಮೋಟ್. ಪ್ರತಿ ರಿಮೋಟೂ ಒಂದು ಚಿಕ್ಕ ಫೈಲು ಕೊಡುತ್ತದೆ, ಸಾಮಾನ್ಯವಾಗಿ ಅದರ ಹೆಸರು ರಿಮೋಟ್‌ಎಂಟ್ರಿ. ‘ನನ್ನ ಹತ್ತಿರ ಇಂತಿಂಥದ್ದಿದೆ, ಇಲ್ಲಿಂದ ತಗೋ’ ಅಂತ ಹೇಳುವುದು ಅದರ ಕೆಲಸ. ಎನ್‌ಪಿಎಂ ಪ್ಯಾಕೇಜ್ (ಬಿಲ್ಡ್ ಮಾಡುವಾಗಲೇ ಒಳಗೆ ಸೇರುವ ಲೈಬ್ರರಿ) ಮಾಡಿ ಹಂಚಿಕೊಂಡರೆ ಒಂದು ಬದಲಾದಾಗಲೆಲ್ಲ ಹೋಸ್ಟನ್ನೂ ಮತ್ತೆ ಕಟ್ಟಬೇಕು. ಇಲ್ಲಿ ಬೇಕಿಲ್ಲ. ನಾವು ಇದಕ್ಕೆ ಬಂದದ್ದೇ ಈ ಒಂದು ಕಾರಣಕ್ಕೆ.

ಹಳೇ ಪ್ರಾಜೆಕ್ಟಿಗೆ ಇದನ್ನು ಸೇರಿಸುವವರು ಮೊದಲ ಎರಡು ವಾರ ಫೆಡರೇಶನ್ ಮುಖವನ್ನೇ ನೋಡುವುದಿಲ್ಲ. ನಾವು ವೆಬ್‌ಪ್ಯಾಕ್ 4ರಲ್ಲಿದ್ದೆವು. 5ಕ್ಕೆ ಹೋದ ಕೂಡಲೇ ಬಫರ್, ಕ್ರಿಪ್ಟೋ ಅಂತ ಎಲ್ಲ ಕಡೆ ಎರರ್. ಮೊದಲು ನೋಡ್ ಜೆಎಸ್‌ನ (ಬ್ರೌಸರ್ ಹೊರಗೆ ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಈ ತುಣುಕುಗಳಿಗೆ ಬದಲಿಯನ್ನು ವೆಬ್‌ಪ್ಯಾಕ್ ತಾನೇ ತುಂಬಿಕೊಡುತ್ತಿತ್ತು. 5ರಲ್ಲಿ ಅದನ್ನು ಬಿಟ್ಟಿದೆ. ಹಳೆಯ ಎಕ್ಸೆಲ್ ಲೈಬ್ರರಿಯೊಂದು ಅದನ್ನೇ ನಂಬಿ ಕೂತಿತ್ತು. ಮೇ ತಿಂಗಳ ಬಿಸಿಲು ಇಳಿದಿದೆ ಅಂತ ಜೂನ್ ಆರಿಸಿಕೊಂಡಿದ್ದೆವು. ಆ ವರ್ಷ ಜೂನ್‌ನಲ್ಲೂ ಯುಪಿಎಸ್ ಮೇಲೆ ಕೂತು ಬೆವರಿದೆವು, ಅದು ಬೇರೆ ಕಥೆ.

ಆಮೇಲೆ ಬಂತು ಎಲ್ಲರೂ ಎಡವುವ ಕಲ್ಲು. ಕಾನ್ಫಿಗರೇಶನ್ ಬರೆದು, ರಿಯಾಕ್ಟನ್ನು ಹಂಚಿಕೊಳ್ಳುವ ಪಟ್ಟಿಗೆ ಹಾಕಿ, ಖುಷಿಯಿಂದ ಓಡಿಸಿದರೆ ‘ಶೇರ್ಡ್ ಮಾಡ್ಯೂಲ್ ಈಸ್ ನಾಟ್ ಅವೈಲಬಲ್ ಫಾರ್ ಈಗರ್ ಕನ್ಸಂಪ್ಶನ್’ ಅಂತ ಬೈಗುಳ. ಕಾರಣ ಸರಳ. ಯಾರ ಹತ್ತಿರದ ರಿಯಾಕ್ಟ್ ಬಳಸಬೇಕು ಅಂತ ತುಂಡುಗಳು ಮೊದಲು ತಮ್ಮೊಳಗೆ ಮಾತಾಡಿ ಮುಗಿಸಬೇಕು. ನಮ್ಮ ಮೊದಲ ಫೈಲು ಅದಕ್ಕೆ ಪುರುಸೊತ್ತೇ ಕೊಡದೆ ‘ಈಗಲೇ ಕೊಡು’ ಅನ್ನುತ್ತದೆ. ಪರಿಹಾರ ಇಷ್ಟೇ: ಮೊದಲ ಫೈಲಿನಲ್ಲಿದ್ದದ್ದನ್ನೆಲ್ಲ ಬೂಟ್‌ಸ್ಟ್ರ್ಯಾಪ್ ಅನ್ನುವ ಇನ್ನೊಂದು ಫೈಲಿಗೆ ಎತ್ತಿಡಿ, ಮೊದಲ ಫೈಲಿನಲ್ಲಿ ಅದನ್ನು ಡೈನಾಮಿಕ್ ಇಂಪೋರ್ಟ್ ಮಾಡುವ, ಅಂದರೆ ಓಡುವಾಗ ಕಾದು ತರಿಸುವ ಒಂದೇ ಸಾಲು ಉಳಿಸಿ. ‘ಈಗರ್’ ಅನ್ನುವ ಆಯ್ಕೆಯನ್ನು ಟ್ರೂ ಮಾಡಿದರೂ ಎರರ್ ಹೋಗುತ್ತದೆ. ಮಾಡಬೇಡಿ. ಎಲ್ಲ ಮೊದಲು ಇಳಿಯುವ ಫೈಲಿಗೇ (ಬಂಡಲ್) ಬಂದು ಕೂರುತ್ತದೆ.

ಎರಡನೇ ಕಲ್ಲು, ಎರಡು ರಿಯಾಕ್ಟ್. ಹೋಸ್ಟ್‌ಗೆ ಒಂದು, ರಿಮೋಟ್‌ಗೆ ಒಂದು ಲೋಡ್ ಆದರೆ ಹುಕ್ಸ್ (ಪರದೆಯ ಸ್ಥಿತಿ ನೆನಪಿಡುವಂಥ ರಿಯಾಕ್ಟ್‌ನ ಫಂಕ್ಷನ್‌ಗಳು) ಕೆಲಸ ಮಾಡುವುದಿಲ್ಲ. ‘ಇನ್‌ವ್ಯಾಲಿಡ್ ಹುಕ್ ಕಾಲ್’ ಬರುತ್ತದೆ. ಸಿಂಗಲ್‌ಟನ್ ಅಂತ ಹಾಕಿದರೆ ಒಂದೇ ಪ್ರತಿ ಉಳಿಯುತ್ತದೆ, ಸರಿಹೋಗುತ್ತದೆ. ಇಲ್ಲಿ ನಮಗೆ ಒಂದು ಕೆಟ್ಟ ಚಟ ಹತ್ತಿತು. ಸಿಂಗಲ್‌ಟನ್ ಹಾಕಿದರೆ ಸಮಸ್ಯೆ ಹೋಗುತ್ತೆ ಅಲ್ವಾ, ಹಾಗಾದರೆ ಎಲ್ಲಕ್ಕೂ ಹಾಕೋಣ! ಪ್ಯಾಕೇಜ್ ಫೈಲಿನಲ್ಲಿದ್ದ ಡಿಪೆಂಡೆನ್ಸಿಗಳನ್ನೆಲ್ಲ (ನಾವು ಬಳಸುವ ಹೊರಗಿನ ಲೈಬ್ರರಿಗಳು) ಎತ್ತಿ ಶೇರ್ಡ್ ಪಟ್ಟಿಗೆ ಸುರಿದೆವು. ಇಪ್ಪತ್ತಮೂರು ಹೆಸರು. ಸೈಜು ಕಡಿಮೆಯಾಗುತ್ತದೆ ಅಂದುಕೊಂಡಿದ್ದೆವು, ಜಾಸ್ತಿಯಾಯಿತು. ಹಂಚಿಕೊಂಡ ಲೈಬ್ರರಿಯಲ್ಲಿ ಯಾರಿಗೆ ಏನು ಬೇಕಾಗುತ್ತದೋ ಗೊತ್ತಿಲ್ಲದ ಕಾರಣ ಬೇಡದ ಭಾಗ ಕತ್ತರಿಸಲು ಆಗುವುದಿಲ್ಲ. ಲೋಡ್ಯಾಶ್ ಅನ್ನುವ ಲೈಬ್ರರಿಯ ಮೂರು ಫಂಕ್ಷನ್‌ಗೋಸ್ಕರ ಇಡೀ ಲೋಡ್ಯಾಶ್ ಬಂತು.

ಸೈಜು ಬಿಡಿ. ನಿಜವಾದ ಪೆಟ್ಟು ಬಿದ್ದದ್ದು 2023ರ ಜನವರಿಯಲ್ಲಿ.

ಬೆಳಿಗ್ಗೆ ಏಳೂವರೆಗೆ ಒಂದು ಮಿಲ್‌ನ ಮುನೀಮರ ಫೋನು. ‘ಸರ, ಕಾಟಾದ್ದು ಸ್ಕ್ರೀನ್ ಬೆಳ್ಳಗ ಆಗ್ಯದ್ರಿ. ಲಾರಿ ನಿಂತಾವ.’ ನಾವು ತೂಕದ ಪರದೆಯನ್ನು ಆರು ವಾರದಿಂದ ಮುಟ್ಟಿರಲಿಲ್ಲ. ಹಿಂದಿನ ರಾತ್ರಿ ಏರಿಸಿದ್ದು ರಿಪೋರ್ಟ್ ತುಂಡು ಮಾತ್ರ. ಅದಕ್ಕೇ ಅಲ್ವಾ ಇಷ್ಟೆಲ್ಲ ತುಂಡು ಮಾಡಿದ್ದು?

ಆದದ್ದು ಹೀಗೆ. ರಿಪೋರ್ಟ್ ನೋಡಿಕೊಳ್ಳುವ ಹುಡುಗ ರಿಯಾಕ್ಟ್ ರೂಟರನ್ನು (ಒಂದು ಪರದೆಯಿಂದ ಇನ್ನೊಂದಕ್ಕೆ ಕರೆದೊಯ್ಯುವ ಲೈಬ್ರರಿ) 5ರಿಂದ 6ಕ್ಕೆ ಏರಿಸಿದ್ದ. ರೂಟರ್ ನಮ್ಮ ಪಟ್ಟಿಯಲ್ಲಿ ಸಿಂಗಲ್‌ಟನ್. ಒಂದೇ ಪ್ರತಿ ಇರಬೇಕು ಅಂದಾಗ ವೆಬ್‌ಪ್ಯಾಕ್ ಇರುವುದರಲ್ಲಿ ದೊಡ್ಡ ಆವೃತ್ತಿಯನ್ನು ಆರಿಸಿಕೊಳ್ಳುತ್ತದೆ. ಪುಟ ತೆರೆಯುವಾಗಲೇ ಎಲ್ಲ ರಿಮೋಟ್‌ಗಳೂ ತಮ್ಮ ತಮ್ಮ ಆವೃತ್ತಿಯ ಹೆಸರು ಹೇಳಿರುತ್ತವೆ. ಹಾಗಾಗಿ ರಿಪೋರ್ಟ್ ತಂದ 6 ಗೆದ್ದಿತು, ತೂಕದ ಪರದೆಗೂ ಅದೇ ಸಿಕ್ಕಿತು. 6ರಲ್ಲಿ ಯೂಸ್‌ಹಿಸ್ಟರಿ ಅನ್ನುವ ಫಂಕ್ಷನ್ ಇಲ್ಲ, ಅದರ ಜಾಗದಲ್ಲಿ ಯೂಸ್‌ನ್ಯಾವಿಗೇಟ್ ಇದೆ. ನಮ್ಮ ತೂಕದ ಕೋಡಿನಲ್ಲಿ ಯೂಸ್‌ಹಿಸ್ಟರಿ ಹನ್ನೊಂದು ಕಡೆ ಇತ್ತು. ಒಂದು ಕಾಂಪೊನೆಂಟ್ (ಪರದೆಯ ಒಂದು ಭಾಗ) ಸತ್ತಾಗ ಹಿಡಿಯುವವರು ಯಾರೂ ಇಲ್ಲದಿದ್ದರೆ ರಿಯಾಕ್ಟ್ ಇಡೀ ಪುಟವನ್ನೇ ಕಿತ್ತುಹಾಕುತ್ತದೆ. ಬೆಳ್ಳಗೆ.

ವೆಬ್‌ಪ್ಯಾಕ್ ಎಚ್ಚರಿಕೆ ಕೊಟ್ಟಿರಲಿಲ್ಲವೇ? ಕೊಟ್ಟಿತ್ತು. ‘ಅನ್‌ಸ್ಯಾಟಿಸ್ಫೈಡ್ ವರ್ಶನ್’ ಅಂತ ಬ್ರೌಸರ್ ಕನ್ಸೋಲ್‌ನಲ್ಲಿ (ಡೆವಲಪರ್‌ಗಳು ಮಾತ್ರ ತೆರೆದು ನೋಡುವ ಕಿಟಕಿ) ಹಳದಿ ಅಕ್ಷರದಲ್ಲಿ. ಮುನೀಮರು ಕನ್ಸೋಲ್ ತೆರೆದು ನೋಡಬೇಕಿತ್ತೇನೋ!

ಹಳೇ ರಿಪೋರ್ಟನ್ನು ವಾಪಸ್ ಹಾಕಲು ಎಂಟು ನಿಮಿಷ ಸಾಕಾಯಿತು, ಕಾರಣ ಹುಡುಕಲು ಮಾತ್ರ ಮಧ್ಯಾಹ್ನ ಆಯಿತು. ಮುನೀಮರು ಅಷ್ಟು ಹೊತ್ತೂ ಚೀಟಿಯಲ್ಲಿ ತೂಕ ಬರೆದುಕೊಂಡರು. ಅವತ್ತಿನ ಲೆಕ್ಕ ಆಪ್‌ಗೆ ಏರಿಸಲು ಸಂಜೆ ನಾನೇ ಗಂಜ್‌ಗೆ ಹೋಗಿ ಕೂತೆ. ಚಹಾ ಕೊಟ್ಟರು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆ ವಾರವೇ ಪಟ್ಟಿ ಕಡಿಯಲು ಕೂತೆವು. ಒಂದೊಂದು ಹೆಸರಿಗೂ ಒಂದೇ ಪ್ರಶ್ನೆ: ಇದರ ಎರಡು ಪ್ರತಿ ಬಂದರೆ ಏನಾದರೂ ಮುರಿಯುತ್ತದೆಯೇ? ಮುರಿಯದಿದ್ದರೆ ಹೊರಗೆ. ದಿನಾಂಕದ ಲೈಬ್ರರಿ ಎರಡು ಸಲ ಇಳಿದರೆ ಇಳಿಯಲಿ, ಅದರ ಸೈಜು ಎಷ್ಟು ಮಹಾ. ಕೊನೆಗೆ ಉಳಿದದ್ದು ನಾಲ್ಕು: ರಿಯಾಕ್ಟ್, ಅದನ್ನು ಬ್ರೌಸರ್ ಪುಟಕ್ಕೆ ಜೋಡಿಸುವ ರಿಯಾಕ್ಟ್ ಡಾಮ್, ರೂಟರ್, ಮತ್ತು ಲಾಗಿನ್ ಮಾಹಿತಿ ಇಟ್ಟುಕೊಳ್ಳುವ ನಮ್ಮದೇ ಒಂದು ಚಿಕ್ಕ ತುಣುಕು. ಬಟನ್ನು, ಟೇಬಲ್ಲು ಇರುವ ನಮ್ಮ ಡಿಸೈನ್ ಕಿಟ್ ಮತ್ತೆ ಎನ್‌ಪಿಎಂ ಪ್ಯಾಕೇಜ್ ಆಯಿತು. ನಾಲ್ಕಕ್ಕೂ ಬೇಕಾದ ಆವೃತ್ತಿ ಬರೆದು, ಸ್ಟ್ರಿಕ್ಟ್‌ವರ್ಶನ್ ಹಾಕಿದೆವು. ಈಗ ಹೊಂದದಿದ್ದರೆ ಎಚ್ಚರಿಕೆ ಅಲ್ಲ, ಎರರ್ರೇ ಬರುತ್ತದೆ. ಅದು ಟೆಸ್ಟ್ ಸರ್ವರ್‌ನಲ್ಲೇ ಬೀಳುತ್ತದೆ. ಪ್ರತಿ ರಿಮೋಟ್ ಸುತ್ತಲೂ ಒಂದು ಎರರ್ ಬೌಂಡರಿ (ಒಂದು ತುಂಡು ಸತ್ತರೂ ಉಳಿದ ಪುಟ ಉಳಿಸುವ ಬೇಲಿ) ಕೂಡ ಕಟ್ಟಿದೆವು. ಇದನ್ನು ಮೊದಲ ದಿನವೇ ಮಾಡಬೇಕಿತ್ತು.

ಕ್ಯಾಶ್ (ಬ್ರೌಸರ್ ಇಳಿಸಿಟ್ಟುಕೊಳ್ಳುವ ಪ್ರತಿ) ಬಗ್ಗೆ ಸ್ವಲ್ಪ. ತುಂಡುಗಳ ಹೆಸರಿನಲ್ಲಿ ಹ್ಯಾಶ್ (ಒಳಗಿನದು ಬದಲಾದರೆ ತಾನೂ ಬದಲಾಗುವ ಗುರುತು) ಇರುತ್ತದೆ, ಅವನ್ನು ಬ್ರೌಸರ್ ವರ್ಷಗಟ್ಟಲೆ ಇಟ್ಟುಕೊಂಡರೂ ಚಿಂತೆಯಿಲ್ಲ. ಆದರೆ ರಿಮೋಟ್‌ಎಂಟ್ರಿಗೆ ಹೆಸರು ಯಾವಾಗಲೂ ಒಂದೇ. ನಮ್ಮ ಸರ್ವರ್ ಅದನ್ನೂ ಒಂದು ವಾರ ಇಟ್ಟುಕೋ ಅಂದಿತ್ತು. ಹಳೇ ರಿಮೋಟ್‌ಎಂಟ್ರಿ ಅಳಿಸಿಹೋದ ಫೈಲುಗಳನ್ನು ಕೇಳುತ್ತಿತ್ತು, ‘ಚಂಕ್ ಲೋಡ್ ಎರರ್’ ಬರುತ್ತಿತ್ತು. ರಿಮೋಟ್‌ಎಂಟ್ರಿಗೆ ನೋ ಕ್ಯಾಶ್ ಹಾಕಿದೆವು. ಆದರೂ ಒಂದು ಬಾಕಿ ಉಳಿಯಿತು. ಮಿಲ್‌ಗಳಲ್ಲಿ ಕಂಪ್ಯೂಟರ್ ಆಫ್ ಮಾಡುವ ಪದ್ಧತಿಯೇ ಇಲ್ಲ, ಕರೆಂಟ್ ಹೋದಾಗಲೇ ಅದಕ್ಕೆ ವಿಶ್ರಾಂತಿ. ಟ್ಯಾಬು ಮೂರು ವಾರ ತೆರೆದೇ ಇರುತ್ತದೆ, ಹಳೇ ತುಂಡುಗಳನ್ನೇ ಕೇಳುತ್ತದೆ. ಅದಕ್ಕೋಸ್ಕರ ಹಳೇ ತುಂಡುಗಳನ್ನು ಈಗ ಎರಡು ತಿಂಗಳು ಅಳಿಸುವುದಿಲ್ಲ.

ವೇಗದ ಬಗ್ಗೆ ಯಾರೂ ಮೊದಲೇ ಹೇಳದ ಮಾತೊಂದಿದೆ. ಹಳೇ ರೀತಿಯಲ್ಲಿ ಕಾನ್ಫಿಗರೇಶನ್‌ನಲ್ಲೇ ರಿಮೋಟ್‌ಗಳ ವಿಳಾಸ ಬರೆದಿಟ್ಟರೆ, ಆವೃತ್ತಿಗಳ ಮಾತುಕತೆಗಾಗಿ ಅಷ್ಟೂ ರಿಮೋಟ್‌ಎಂಟ್ರಿಗಳು ಶುರುವಿನಲ್ಲೇ ಇಳಿಯುತ್ತವೆ. ತೂಕ ಮಾತ್ರ ನೋಡುವವರಿಗೂ ರಿಪೋರ್ಟಿನ ರಿಮೋಟ್‌ಎಂಟ್ರಿ ಬರುತ್ತದೆ. ಆಫೀಸಿನ ಫೈಬರ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಚಿತ್ತಾಪುರದ ಕಡೆಯ ಒಂದು ಗೋದಾಮಿನಲ್ಲಿ ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಕೂತಾಗ ಚೆನ್ನಾಗಿ ಗೊತ್ತಾಯಿತು. ಈಗ ಬೇಕಾದಾಗ ಮಾತ್ರ ತರುವ ಡೈನಾಮಿಕ್ ರಿಮೋಟ್‌ಗಳಿಗೆ ಬದಲಾಗಿದ್ದೇವೆ.

2024ರ ಏಪ್ರಿಲ್‌ನಲ್ಲಿ ಫೆಡರೇಶನ್ 2.0 ಬಂತು. ನಾವು ಒಂದು ಸೀಸನ್ ಕಾದು ಹೋದೆವು. ರಿಮೋಟಿನ ಟೈಪ್‌ಸ್ಕ್ರಿಪ್ಟ್ ಟೈಪ್‌ಗಳು (ಯಾವ ಮಾಹಿತಿ ಯಾವ ರೂಪದ್ದು ಅಂತ ಹೇಳುವ ವಿವರ) ತಾವಾಗಿಯೇ ಹೋಸ್ಟ್‌ಗೆ ಬರುವುದು ದೊಡ್ಡ ಉಪಕಾರ. ಮೊದಲು ಅವನ್ನು ಕೈಯಾರೆ ನಕಲು ಮಾಡುತ್ತಿದ್ದೆವು, ಮರೆಯುತ್ತಿದ್ದೆವು, ಒಬ್ಬರ ಮೇಲೊಬ್ಬರು ಹಾಕುತ್ತಿದ್ದೆವು. ಒಂದು ಎಚ್ಚರಿಕೆ: 2.0ದಲ್ಲಿ ಮ್ಯಾನಿಫೆಸ್ಟ್ ಅನ್ನುವ ಜೇಸನ್ ಫೈಲು ಬಳಸಿದರೆ ಅದನ್ನು ಫೆಚ್ ಮಾಡಿ ತರುತ್ತದೆ. ರಿಮೋಟ್ ಬೇರೆ ಡೊಮೈನ್‌ನಲ್ಲಿದ್ದರೆ ಸರ್ವರ್‌ನಲ್ಲಿ ಕಾರ್ಸ್ ಅನುಮತಿ (ಬೇರೆ ಡೊಮೈನ್‌ನ ಪುಟ ಫೈಲು ಓದಬಹುದು ಅನ್ನುವ ಒಪ್ಪಿಗೆ) ಬೇಕು. ಹಳೇ ರಿಮೋಟ್‌ಎಂಟ್ರಿ ಸ್ಕ್ರಿಪ್ಟ್ ಟ್ಯಾಗಿನಲ್ಲಿ ಬರುತ್ತಿದ್ದರಿಂದ ಇದರ ಅಗತ್ಯವೇ ಬಿದ್ದಿರಲಿಲ್ಲ. ನಮ್ಮ ಅರ್ಧ ದಿನ ಅದರಲ್ಲೇ ಹೋಯಿತು. ಜೊತೆಗೇ ಬಿಲ್ಡನ್ನು ವೆಬ್‌ಪ್ಯಾಕ್‌ನಂಥದ್ದೇ ಇನ್ನೊಂದು ಸಾಧನವಾದ ಆರ್‌ಎಸ್‌ಪ್ಯಾಕ್‌ಗೆ ಸರಿಸಿದೆವು, ಅದರ ಬಗ್ಗೆ ದೂರೇನೂ ಇಲ್ಲ.

ಇಷ್ಟು ಬೈದ ಮೇಲೂ ಮೂರೂವರೆ ಸ್ಟಾರ್ ಯಾಕೆ ಅಂದರೆ, ಬಂದ ಕೆಲಸ ಆಗಿದೆ. ಕಳೆದ ಎರಡು ಸೀಸನ್ ರಿಪೋರ್ಟನ್ನು ನಡುಹಗಲಲ್ಲೇ ಏರಿಸಿದ್ದೇವೆ, ತೂಕದ ಪರದೆಗೆ ಗೊತ್ತೂ ಆಗಿಲ್ಲ. ಹೊಸದಾಗಿ ಸೇರಿದ ಹುಡುಗಿ ಇಡೀ ಪ್ರಾಜೆಕ್ಟ್ ಅರ್ಥ ಮಾಡಿಕೊಳ್ಳುವ ಗೋಜಿಲ್ಲದೆ ನಾಲ್ಕನೇ ದಿನಕ್ಕೆ ಬಿಲ್ಲಿನ ತುಂಡಿನಲ್ಲಿ ಕೆಲಸ ಶುರು ಮಾಡಿದಳು. ಕೆಲವೇ ಮಿಲ್‌ಗಳಿಗೆ ಬೇಕಾದದ್ದನ್ನು ಅವರಿಗಷ್ಟೇ ಕೊಡುವುದೂ ಸುಲಭವಾಯಿತು. ಬೇಳೆ ಪ್ಯಾಕೆಟ್ ಲೇಬಲ್ ಅಚ್ಚು ಹಾಕುವ ಪರದೆ ಹಾಗೆ ಬಂದದ್ದು. ನಮ್ಮ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಸೂಚಕ) ಸಿಕ್ಕಿದ್ದು ‘ಗುಲ್ಬರ್ಗಾ ತೊಗರಿ ಬೇಳೆ’ ಅಂತ. ಊರಿನ ಹೆಸರು 2014ರಲ್ಲೇ ಕಲಬುರಗಿ ಆಗಿದೆ. ಹಾಗಾಗಿ ಒಂದೇ ಲೇಬಲ್ಲಿನಲ್ಲಿ ಬೇಳೆ ಗುಲ್ಬರ್ಗಾದ್ದು, ವಿಳಾಸ ಕಲಬುರಗಿಯದು. ಎರಡು ಆವೃತ್ತಿ ಜಗಳವಿಲ್ಲದೆ ಇರುವುದು ನಾನು ನೋಡಿದ್ದು ಅಲ್ಲೊಂದೇ ಕಡೆ.

ಯಾರಿಗೆ ಬೇಡ? ಇಬ್ಬರು ಮೂವರು ಸೇರಿ ಒಂದೇ ಸಲ ಎಲ್ಲ ರಿಲೀಸ್ ಮಾಡುವವರಿಗೆ ಬೇಡವೇ ಬೇಡ. ಪುಟ ವೇಗ ಆಗಲಿ ಅಂತ ಬರುವವರಿಗೂ ಬೇಡ. ಅದಕ್ಕೆ ಒಂದೇ ಬಿಲ್ಡನ್ನು ಬೇಕಾದಾಗ ಇಳಿಯುವ ಭಾಗಗಳಾಗಿ ಒಡೆಯುವ ಸಾದಾ ಕೋಡ್ ಸ್ಪ್ಲಿಟಿಂಗ್ ಸಾಕು. ನಿಮ್ಮಲ್ಲೊಬ್ಬರು ಇನ್ನೊಬ್ಬರ ರಿಲೀಸ್‌ಗೆ ಕಾಯುತ್ತಾ ಕೂರುತ್ತಿದ್ದರೆ ಮಾತ್ರ ನೋಡಿ. ನೋಡುವುದಾದರೆ ಶೇರ್ಡ್ ಪಟ್ಟಿಯನ್ನು ಖಾಲಿಯಿಂದ ಶುರು ಮಾಡಿ, ಮುರಿದಾಗ ಒಂದೊಂದೇ ಸೇರಿಸಿ.

ಇನ್ನು ರಿಯಾಕ್ಟ್ 19ಕ್ಕೆ ಹೋಗುವುದು ಬಾಕಿ ಇದೆ. ಸಿಂಗಲ್‌ಟನ್ ಆದ್ದರಿಂದ ಐದೂ ತುಂಡು ಒಂದೇ ರಾತ್ರಿ ಏರಬೇಕು, ಅಲ್ಲಿ ಮಾತ್ರ ನಾವು ಮತ್ತೆ ಹಳೇ ದಿನಕ್ಕೇ ಬಂದು ನಿಲ್ಲುತ್ತೇವೆ. ಸೀಸನ್ ಇಳಿದು, ಶರಣಬಸವೇಶ್ವರ ಜಾತ್ರೆ ಮುಗಿದ ಮೇಲಿನ ಭಾನುವಾರ ಅಂತ ಗೊತ್ತು ಮಾಡಿದ್ದೇವೆ. ಮುನೀಮರಿಗೂ ಹೇಳಿಟ್ಟಿದ್ದೇನೆ. ‘ಮಾಡ್ರಿ ಸರ, ಚೀಟಿ ಪುಸ್ತಕ ಹಂಗೇ ಇಟ್ಟೀನಿ’ ಅಂದರು.